ನೆಲ್ಲಿಮರದ ಅಕ್ಷಾಂಶ

ಪೊಲೀಸರು ಹಿಡಿಯಬಹುದಿತ್ತು. ಹಿಡಿದು, ಕೈಯಲ್ಲಿರುವ ಈ ಬೂದು ಬಣ್ಣದ ಇಟ್ಟಿಗೆ ಯಾವ ದೇಶದ್ದು, ಯಾರಿಗೆ ಸುದ್ದಿ ಕಳಿಸುತ್ತಿದ್ದೀ ಎಂದು ಕೇಳಬಹುದಿತ್ತು. ಬ್ಯಾಟರಿ ಮುಗಿಯಬಹುದಿತ್ತು. ಉಪಗ್ರಹಗಳಿಗೆ ಅವತ್ತು ಬೇರೆ ಕೆಲಸವಿರಬಹುದಿತ್ತು. ಗಡಿಬಿಡಿಯಲ್ಲಿ ನಾವು ಚರ್ಚ್‌ಗೇಟ್ ಕಡೆಯ ಲೋಕಲ್ ಹತ್ತಿಬಿಡಬಹುದಿತ್ತು; ಇಲ್ಲವೇ ಸರಿಯಾದ ಗಾಡಿಯನ್ನೇ ಹತ್ತಿ, ನಾನು ಇಳಿದು, ಅಮ್ಮ ಇಳಿಯಲಾಗದೆ, ಅವರು ಒಬ್ಬರೇ ವಿರಾರ್ ಮುಟ್ಟಬಹುದಿತ್ತು. ಅವರ ಮೊಣಕಾಲು ದಾರಿಯಲ್ಲೇ ಮುಷ್ಕರ ಹೂಡಬಹುದಿತ್ತು. ಕಾರ್ತೀಕದಲ್ಲಿ ಮಳೆ ಹೊಯ್ಯಬಹುದಿತ್ತು. ಮರದಲ್ಲಿ ಜೇನುಗೂಡು ಇರಬಹುದಿತ್ತು. ಮರವೇ ಇಲ್ಲದಿರಬಹುದಿತ್ತು, ಅದನ್ನು ಕಡಿದು, ಬಿಲ್ಡಿಂಗ್ ಕಟ್ಟಿ, ಆ ಬಿಲ್ಡಿಂಗಿಗೆ ಅದೇ ಮರದ ಹೆಸರಿಟ್ಟಿರಬಹುದಿತ್ತು. ನಕಾಶೆ ಗಾಳಿಗೆ ಹಾರಬಹುದಿತ್ತು. ಅಥವಾ ನಕಾಶೆ, ಯಂತ್ರ, ಮರ ಎಲ್ಲವೂ ಸರಿಯಾಗಿದ್ದು, ನಾನೊಬ್ಬನೇ ನಕಾಶೆಯನ್ನು ತಲೆಕೆಳಗಾಗಿ ಹಿಡಿದಿರಬಹುದಿತ್ತು.

ಇದನ್ನೆಲ್ಲ ಹೊರಡುವ ಒಂದು ವಾರ ಮೊದಲೇ ಹಳೇ ಲೈಟ್ ಬಿಲ್ಲಿನ ಬೆನ್ನಿಗೆ ಬರೆದಿಟ್ಟಿದ್ದೆ. ನನ್ನ ಹೆಂಡತಿ ಪೂರ್ತಿ ಓದಿ, "ಒಂದು ಬಿಟ್ಟಿದ್ದೀರ" ಅಂದಳು.

"ಏನು?"

"ನೀವೂ ಜೊತೇಲಿ ಬರ್ತೀರಲ್ಲ, ಅದನ್ನ ಬರೆದೇ ಇಲ್ಲ."

ಎಲ್ಲಕ್ಕೂ ಮೂಲ ನನ್ನ ಕಾಮಾಲೆ. ಹೀಗೆ ಹೊರಡುವುದಕ್ಕೆ ಎರಡೂವರೆ ವರ್ಷ ಹಿಂದೆ ನಾನು ಅರಿಸಿನ ಬಣ್ಣಕ್ಕೆ ತಿರುಗಿ ಮಲಗಿದ್ದಾಗ ಅಮ್ಮ ಹರಕೆ ಹೊತ್ತಿದ್ದರು: ಮಗ ಎದ್ದರೆ ಕಾರ್ತೀಕ ಮಾಸದಲ್ಲಿ ನೆಲ್ಲಿಮರಕ್ಕೆ ಪೂಜೆ ಮಾಡಿ, ಅದರ ನೆರಳಲ್ಲೇ ಅವನಿಗೆ ಊಟ ಹಾಕುತ್ತೇನೆ, ಅಲ್ಲಿಯ ತನಕ ಕಾಫಿ ಮುಟ್ಟುವುದಿಲ್ಲ. ಮೈಸೂರಿನ ಕಡೆಯ ಹೆಂಗಸು, ಬೆಳಿಗ್ಗೆ ಐದೂವರೆಗೆ ಒಂದು ಲೋಟ, ಏಳಕ್ಕೆ ಇನ್ನೊಂದು. ಕಾರ್ತೀಕಕ್ಕೆ ನಾಲ್ಕು ತಿಂಗಳು ತಾನೇ, ತಡೆದುಕೊಳ್ಳಬಹುದು ಎಂದು ಅವರ ಲೆಕ್ಕ. ಮುಂಬಯಿಯಲ್ಲಿ ನೆಲ್ಲಿಮರ ಹುಡುಕಬೇಕಾಗುತ್ತದೆ ಎಂಬುದು ಆ ಲೆಕ್ಕದಲ್ಲಿ ಸೇರಿರಲಿಲ್ಲ.

ನಾನು ಎದ್ದೆ. ಅಮ್ಮ ಕಾಫಿ ಬಿಟ್ಟರು. ಅಂದಿನಿಂದ ಮಲಾಡಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಶಾಂತಿ ಎಂಬುದು ಹೋಯಿತು. ಬೆಳಿಗ್ಗೆ ಹೆಂಡತಿ ಫಿಲ್ಟರಿಗೆ ನೀರು ಹಾಕಿದ ಕೂಡಲೇ ಅಮ್ಮ ಬಂದು ಪಕ್ಕದಲ್ಲಿ ನಿಂತು, "ಇಳೀತಾ?" ಎಂದು ಕೇಳುತ್ತಿದ್ದರು. ಇಳಿದ ಮೇಲೆ ಒಂದು ಸಲ ಉಸಿರೆಳೆದುಕೊಂಡು, ತಮ್ಮ ಜೀರಿಗೆ ನೀರಿನ ಲೋಟ ಹಿಡಿದು, ನಾನು ಕುಡಿದು ಮುಗಿಸುವ ತನಕ ಎದುರಿಗೆ ಕೂತು ನನ್ನನ್ನೇ ನೋಡುತ್ತಿದ್ದರು. ಹಾಗೆ ನೋಡಿಸಿಕೊಂಡು ಕಾಫಿ ಕುಡಿದವರಿಗೇ ಗೊತ್ತು. ಎರಡೂವರೆ ವರ್ಷ ನಾನು ಆಫೀಸಿನ ಚಹಾದ ಮೇಲೆ ಬದುಕಿದೆ.

ಮರದ ಸುಳಿವು ಕೊಟ್ಟವರು ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದ ಹಿರಿಯರು. "ಎಂತ ಮಾರಾಯ್ರೆ, ನೆಲ್ಲಿ ಮರ ಅಲ್ವಾ? ದಹಿಸರ್‌ನಲ್ಲಿ ಉಂಟು. ಸ್ಟೇಷನ್‌ನಿಂದ ಪೂರ್ವಕ್ಕೆ ಹೋಗಿ, ಎಮ್ಮೆ ಕಟ್ಟುವ ತಬೇಲ ಸಿಗ್ತದೆ, ಅಲ್ಲಿಂದ ಒಂದು ಬಾವಿ, ಬಾವಿ ಹಿಂದೆಯೇ ಮರ. ಕುರುಡನಿಗೂ ಸಿಗ್ತದೆ" ಅಂದರು.

ಕುರುಡನಿಗೆ ಸಿಗುತ್ತಿತ್ತೇನೋ. ನಮಗೆ ಮೊದಲ ವರ್ಷ ಬಾವಿ ಸಿಗಲಿಲ್ಲ. ಸಣ್ಣ ಸಣ್ಣ ಎಲೆಯ ಒಂದು ಮರ ಸಿಕ್ಕಿತು. ಅಮ್ಮ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ದೀಪ ಇಟ್ಟು, ಅರ್ಧ ಪೂಜೆಯಲ್ಲಿರುವಾಗ ಮೇಲಿನಿಂದ ಗೇಣುದ್ದದ ಒಣಗಿದ ಬೀಜದ ಕೋಡೊಂದು ತಟ್ಟೆಗೆ ಬಿತ್ತು. ಅಮ್ಮ ಅದನ್ನು ಎತ್ತಿ ಹಿಡಿದು, "ನೆಲ್ಲಿ ಯಾವತ್ತು ಕೋಡು ಬಿಟ್ಟಿತ್ತೋ?" ಅಂದರು. ಗುಲ್‌ಮೊಹರ್. ಎರಡನೆಯ ವರ್ಷ ತಬೇಲವೇ ಎತ್ತಂಗಡಿಯಾಗಿತ್ತು. ಕಲ್ಲುಗಣಿಯ ಅಂಚಿಗೆ ಹೋಗಿ ಬಗ್ಗಿ ನೋಡಿ ಹಿಂತಿರುಗಿದೆವು. ಪುಳಿಯೋಗರೆಯನ್ನು ದಹಿಸರ್ ಸ್ಟೇಷನ್ನಿನ ಬೆಂಚಿನ ಮೇಲೆ ತಿಂದೆವು.

ಮೂರನೆಯ ವರ್ಷ, ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಹಡಗಿನಲ್ಲಿ ಕೆಲಸ ಮಾಡುವ ನನ್ನ ಭಾವಮೈದುನ ರಜೆಗೆ ಬಂದವನು ಬೂದು ಇಟ್ಟಿಗೆಯಂಥ ಆ ಯಂತ್ರ ತಂದ. ಯಾವುದೋ ಬಂದರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಹೆಸರು ಜಿಪಿಎಸ್. ಆರು ಸೆಲ್ಲು ನುಂಗುತ್ತಿತ್ತು.

"ಇದು ಆಕಾಶದಲ್ಲಿರೋ ಉಪಗ್ರಹಗಳನ್ನ ಕೇಳಿ, ನೀವು ಎಲ್ಲಿದೀರಿ ಅಂತ ಹೇಳುತ್ತೆ ಭಾವ."

"ಅವನು ಎಲ್ಲಿದಾನೆ ಅಂತ ನಾನೇ ಹೇಳ್ತೀನಲ್ಲೋ" ಅಂದರು ಅಮ್ಮ. "ಮಲಾಡ್‌ನಲ್ಲಿದಾನೆ. ಕುರ್ಚಿ ಮೇಲೆ."

ಟೆರೇಸಿಗೆ ಹೋಗಿ ಒಂದು ಕಾಲು ಗಂಟೆ ಕಾದ ಮೇಲೆ ಅದು ಹತ್ತೊಂಬತ್ತು ಡಿಗ್ರಿ ಚಿಲ್ಲರೆ ಉತ್ತರ, ಎಪ್ಪತ್ತೆರಡು ಡಿಗ್ರಿ ಚಿಲ್ಲರೆ ಪೂರ್ವ ಎಂದು ತೋರಿಸಿತು. ಅಷ್ಟೇ. ರಸ್ತೆಯಿಲ್ಲ, ಊರಿಲ್ಲ, ಬರೀ ಅಂಕಿ. ಆ ಅಂಕಿಗೆ ಅರ್ಥ ಬರಬೇಕಾದರೆ ಅಕ್ಷಾಂಶ ರೇಖಾಂಶದ ಗೆರೆ ಎಳೆದ ನಕಾಶೆ ಬೇಕು. ಬಾವಿ ಗುರುತಿಸಿರುವ ನಕಾಶೆ ಸಿಕ್ಕಿತೋ, ಸ್ಕೇಲ್ ಇಟ್ಟು ಅಳೆದು ಬಾವಿಯ ಅಂಕಿ ತೆಗೆಯಬಹುದು. ಯಂತ್ರ ಅದೇ ಅಂಕಿ ತೋರಿಸುವ ತನಕ ನಡೆಯಬಹುದು. ಅಲ್ಲಿ ನೆಲ್ಲಿಮರ, ಊಟ, ಅಮ್ಮನಿಗೆ ಕಾಫಿ. ಭಾವಮೈದುನ ಇದನ್ನು ಹೇಳಿ, ಯಂತ್ರ ನನ್ನ ಕೈಗೆ ಕೊಟ್ಟು, ಹಡಗಿಗೆ ಹೊರಟುಹೋದ.

ಮಗಳ ಶಾಲೆಯ ಅಟ್ಲಾಸಿನಲ್ಲಿ ಮುಂಬಯಿ ಒಂದು ಚುಕ್ಕೆ. ಫೋರ್ಟ್ ಫುಟ್‌ಪಾತಿನಲ್ಲಿ ಮಾರುವ ಪ್ರವಾಸಿ ನಕಾಶೆಯಲ್ಲಿ ಮ್ಯೂಸಿಯಂ, ಅಕ್ವೇರಿಯಂ ಎಲ್ಲ ಆನೆಯಷ್ಟು ದೊಡ್ಡದಾಗಿದ್ದವು. ಬಾಂದ್ರಾ ದಾಟಿದ ಮೇಲೆ ಊರು ಸಣ್ಣಗಾಗುತ್ತ ಹೋಗಿ, ದಹಿಸರ್ ಬರಬೇಕಾದ ಜಾಗದಲ್ಲಿ ಸಫಾರಿ ಸೂಟಿನ ಜಾಹೀರಾತು ಇತ್ತು. ಕೊನೆಗೆ, ಮೂರು ದಿನ ಧೈರ್ಯ ಕೂಡಿಸಿಕೊಂಡು, ನಕಾಶೆ ಮಾರುವ ಸರ್ಕಾರಿ ಕಚೇರಿಗೆ ಹೋದೆ.

ಕೌಂಟರಿನ ಗುಮಾಸ್ತರು ಸಭ್ಯರೇ. "ಕೌನ್ಸಾ ಏರಿಯಾ?"

"ದಹಿಸರ್."

"ನಹೀ ಮಿಲೇಗಾ. ಸಮುದ್ರ ಕಿನಾರಾ ಹೈ." ಕಡಲ ತೀರದ ನಕಾಶೆ ಸಿಗದಂತೆ.

"ದಹಿಸರ್ ಮೇ ಸಮುದ್ರ ಕಿಧರ್ ಹೈ ಸಾಬ್?" ಅಲ್ಲಿ ಸಮುದ್ರ ಎಲ್ಲಿದೆ ಎಂದೆ.

ಅವರು ಆಚೀಚೆ ನೋಡಿ, ದನಿ ತಗ್ಗಿಸಿ, "ವೋ ಭೀ ನಹೀ ಬತಾ ಸಕತೇ" ಅಂದರು. ಅದನ್ನೂ ಹೇಳುವ ಹಾಗಿಲ್ಲವಂತೆ.

ದಯೆಯಿಂದ ಒಂದು ಫಾರ್ಮು ಕೊಟ್ಟರು. ದೊಡ್ಡ ಅಧಿಕಾರಿಯ ಸಹಿ ತಂದರೆ ಪರಿಶೀಲಿಸಬಹುದಂತೆ. ಅದರಲ್ಲಿ 'ಉದ್ದೇಶ' ಎಂಬ ಕಾಲಮ್ಮಿಗೆ ನಾನು 'ಧಾರ್ಮಿಕ' ಎಂದು ತುಂಬಿದೆ. ಗುಮಾಸ್ತರು ಕನ್ನಡಕ ಮೇಲೇರಿಸಿದರು. "ಪೂಜಾ ಕೇ ಲಿಯೇ ಲ್ಯಾಟಿಟ್ಯೂಡ್ ಕ್ಯೂ ಚಾಹಿಯೇ?" ಪೂಜೆಗೆ ಅಕ್ಷಾಂಶ ಏಕೆ ಎಂದರು.

"ಪೇಡ್ ಢೂಂಢನಾ ಹೈ. ಮಾ ಕೋ ಕಾಫಿ ಪೀನಾ ಹೈ." ಮರ ಹುಡುಕಬೇಕು, ಅಮ್ಮ ಕಾಫಿ ಕುಡಿಯಬೇಕು ಎಂದೆ.

ಈ ಎರಡು ವಾಕ್ಯಗಳ ನಡುವೆ ಒಂದಿಷ್ಟು ವಿವರಣೆ ಬೇಕಿತ್ತೆಂದು ನನಗೆ ಹೇಳಿ ಮುಗಿಸಿದ ಮೇಲೆ ಹೊಳೆಯಿತು. ಅವರು ಮೇಲಧಿಕಾರಿಯನ್ನು ಕೇಳಿ ಬರುತ್ತೇನೆಂದು ಒಳಗೆ ಹೋದರು. ನಾನು ಫಾರ್ಮು ಮಡಚಿ ಜೇಬಿಗೆ ತುರುಕಿಕೊಂಡು ಹೊರಗೆ ಬಂದೆ. ಸ್ಟೇಷನ್ ತನಕ ಒಬ್ಬ ಮನುಷ್ಯ ನನ್ನ ಹಿಂದೆಯೇ ಬಂದ. ರೈಲಿನ ಡಬ್ಬಿಗೂ ಹತ್ತಿದ. ದಾದರ್ ಬಂದಾಗ ನನ್ನ ಹತ್ತಿರ ಬಂದು ತನ್ನ ಜೇಬಿಗೆ ಕೈ ಹಾಕಿದ. ನಾನು ಫಾರ್ಮನ್ನು ನುಂಗಲು ತಯಾರಾದೆ. ಅವನು ಹೊರಗೆ ತೆಗೆದದ್ದು ಹನ್ನೆರಡು ಬಾಚಣಿಗೆ. ನೆತ್ತಿಯಲ್ಲಿ ಕೂದಲಿಲ್ಲದ ನಾನು ಎರಡು ಕೊಂಡೆ.

ನಕಾಶೆ ಸಿಕ್ಕಿದ್ದು ಮಲಾಡಿನಲ್ಲೇ, ಮನೆಯಿಂದ ಐದು ನಿಮಿಷದ ದಾರಿಯಲ್ಲಿ, ರದ್ದಿ ಅಂಗಡಿಯಲ್ಲಿ. ಹಳೇ ಪೇಪರ್ ಹಾಕಲು ಹೋದವನಿಗೆ ಮೂಲೆಯಲ್ಲಿ ಸುರುಳಿಗಳು ಕಂಡವು. ಯಾವುದೋ ಮುಚ್ಚಿದ ಕಂಪನಿಯ ಸಾಮಾನಂತೆ. ದಪ್ಪ ಕಾಗದ, ಫರಸಾಣದಂಥ ಕುರುಕಲು ಕಟ್ಟಲು ಚೆನ್ನಾಗಿರುತ್ತದೆ ಎಂದು ರದ್ದಿವಾಲಾ ಹೊಗಳಿದ.

"ನಕ್ಷಾ ಚಾಹಿಯೇ? ಕೌನ್ಸಾ? ಹರಾ ಜ್ಯಾದಾವಾಲಾ ಯಾ ನೀಲಾ ಜ್ಯಾದಾವಾಲಾ?" ಹಸಿರು ಹೆಚ್ಚಿರುವುದೋ, ನೀಲಿ ಹೆಚ್ಚಿರುವುದೋ ಎಂದ.

ಸರ್ಕಾರ ಗುಟ್ಟಾಗಿಟ್ಟ ಕಡಲ ತೀರವನ್ನು ಅವನು ಬಣ್ಣದ ಮೇಲೆ ವಿಂಗಡಿಸಿದ್ದ. ಒಂದೊಂದಾಗಿ ಬಿಡಿಸಿದೆ. ಏಳನೆಯದರಲ್ಲಿ ದಹಿಸರ್: ರೈಲು ಹಳಿ, ಖಾಡಿ ಎನ್ನುವ ಕಡಲ ಹಿನ್ನೀರು, ಗದ್ದೆ, ಅಕ್ಷಾಂಶದ ಗೆರೆ, ಮತ್ತು ಗದ್ದೆಯ ನಡುವೆ ಸಾಸಿವೆಯಷ್ಟು ಒಂದು ನೀಲಿ ಸೊನ್ನೆ. ಪಕ್ಕದಲ್ಲಿ 'ಬಾವಿ' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅವನು ತಕ್ಕಡಿಗೆ ಹಾಕಿ ತೂಗಿ, ಬೆಂಡೆಕಾಯಿಯ ದರ ಹೇಳಿದ. ಬೇಕೇಬೇಕಿದ್ದರೂ ಅಭ್ಯಾಸಬಲದಿಂದ ಮೂಲೆ ಹರಿದಿದೆ ಎಂದು ಚೌಕಾಸಿ ಮಾಡಿದೆ. ಮನೆಗೆ ತಂದು ಮಂಚದಡಿ ಬಚ್ಚಿಟ್ಟೆ. ಹರಿದ ಮೂಲೆಯನ್ನು ಹೆಂಡತಿ ಅನ್ನದ ಅಗುಳಿನಿಂದ ಅಂಟಿಸಿದಳು.

ಅಂದಿನಿಂದ ದಿನಾ ಸಂಜೆ ಟೆರೇಸಿನಲ್ಲಿ ಅಭ್ಯಾಸ. ಕೆಳಗಿನ ಮಹಡಿಯ ಮರಾಠಿ ಮಾವಶಿ, ನಮ್ಮಲ್ಲಾದರೆ ಚಿಕ್ಕಮ್ಮ, ಸಂಡಿಗೆಯಂಥದ್ದೇನೋ ಒಣಗಿಸಲು ಬಂದವರು, ನಾನು ಯಂತ್ರವನ್ನು ಆಕಾಶಕ್ಕೆ ತೋರಿಸಿಕೊಂಡು ನಿಂತಿರುವುದನ್ನು ದಿನಾ ನೋಡುತ್ತಿದ್ದರು. "ಕಾಯ್ ಶೋಧತಾಯ್?" ಏನು ಹುಡುಕುತ್ತಿದ್ದೀರಿ ಎಂದು ಒಮ್ಮೆ ಕೇಳಿದರು. "ಕಾಹೀ ನಾಹೀ, ಕಾಹೀ ನಾಹೀ," ಏನಿಲ್ಲ ಅಂದೆ. ಕಾರ್ತೀಕದಲ್ಲಿ ನೆಲ್ಲಿಮರ ಹುಡುಕಿಕೊಂಡು ಅಲೆಯುವವರು ಈ ಊರಿಗೆಲ್ಲ ನಾವೊಬ್ಬರೇ ಎಂಬುದು ನಮ್ಮ ದೃಢವಾದ ನಂಬಿಕೆ. ಅವರಿಗೆ ಹೇಳಿ ಏನು ಪ್ರಯೋಜನ?

ಆ ಭಾನುವಾರ ಬಂತು. ಮಗಳು ಪರೀಕ್ಷೆಗೆ ಓದಲು ಉಳಿದಳು, ಮೂವರೇ ಹೊರಟೆವು: ಮುಂದೆ ಯಂತ್ರ ಹಿಡಿದ ನಾನು, ಹಿಂದೆ ಊಟದ ಚೀಲಗಳೊಂದಿಗೆ ಹೆಂಡತಿ, ನಡುವೆ ಅಮ್ಮ. ಅಮ್ಮನ ಮಡಿಲಲ್ಲಿ ಒಂದು ಫ್ಲಾಸ್ಕ್. ಅದರಲ್ಲಿ ಬೆಳಿಗ್ಗೆ ಇಳಿಸಿದ ಮೊದಲ ಡಿಕಾಕ್ಷನ್ನಿನ ಕಾಫಿ. ರೈಲಿನಲ್ಲಿ ಅದನ್ನು ಯಾರ ಕೈಗೂ ಕೊಡಲಿಲ್ಲ.

ದಹಿಸರ್ ಸ್ಟೇಷನ್ನಿನ ಹೊರಗೆ ಯಂತ್ರ ಹಚ್ಚಿ, ನಕಾಶೆ ಬಿಡಿಸಿ ತಾಳೆ ನೋಡಿದರೆ, ನಾವು ಖಾಡಿಯ ನೀರಿನಲ್ಲಿ ನಿಂತಿದ್ದೆವು.

"ಒದ್ದೆ ಆಗಿಲ್ಲವಲ್ಲ" ಅಂದರು ಅಮ್ಮ, ಸೀರೆಯ ಅಂಚು ನೋಡಿಕೊಂಡು.

ನಕಾಶೆ ಒಂದು ಕಾಲದ್ದು, ಯಂತ್ರ ಇನ್ನೊಂದು ಕಾಲದ್ದು. ಎಷ್ಟು ತಪ್ಪಿದೆಯೋ ಅಷ್ಟನ್ನು ಎಲ್ಲ ಕಡೆ ಕಳೆದರಾಯಿತು ಎಂದು ನಾನು ಪಂಚಾಂಗದವರ ಹಾಗೆ ಬೆರಳು ಮಡಚಿ ಲೆಕ್ಕ ಹಾಕಿದೆ. ರಿಕ್ಷಾ ಹತ್ತಿದೆವು. ಆದರೆ ರಿಕ್ಷಾದ ಚಾವಣಿಯ ಕೆಳಗೆ ಯಂತ್ರಕ್ಕೆ ಉಪಗ್ರಹ ಸಿಗದು. ಹಾಗಾಗಿ ಪ್ರತಿ ತಿರುವಿನಲ್ಲೂ ರಿಕ್ಷಾ ನಿಲ್ಲಿಸಿ, ನಾನು ಇಳಿದು, ನಡುರಸ್ತೆಯಲ್ಲಿ ಯಂತ್ರವನ್ನು ಮಂಗಳಾರತಿಯಂತೆ ಎತ್ತಿ ಹಿಡಿಯುವುದು, ಅಂಕಿ ಮೂಡುವ ತನಕ ನಿಲ್ಲುವುದು. ಮೂರನೆಯ ಸಲ ರಿಕ್ಷಾದವನು ತಲೆ ಹೊರಗೆ ಹಾಕಿ, "ಸಾಬ್, ಸ್ಕೋರ್ ಕ್ಯಾ ಹುವಾ?" ಎಂದು ಕೇಳಿದ.

"ಉನ್ನೀಸ್" ಅಂದೆ, ಪರದೆಯ ಮೇಲಿನ ಹತ್ತೊಂಬತ್ತು ನೋಡುತ್ತ.

"ಬಸ್ ಉನ್ನೀಸ್? ಔರ್ ವಿಕೆಟ್?"

"ಬಹತ್ತರ್" ಅಂದೆ, ಎಪ್ಪತ್ತೆರಡು ನೋಡಿ.

ಅವನು ತಲೆ ಒಳಗೆಳೆದುಕೊಂಡು ಗಾಡಿ ಸ್ಟಾರ್ಟ್ ಮಾಡಿದ.

ಆದರೆ ಯಂತ್ರ ಸುಳ್ಳು ಹೇಳಲಿಲ್ಲ. ಒಂದು ಓಣಿಯ ಕೊನೆಗೆ ನನ್ನ ಅಂಕಿಯೂ ಅದರ ಅಂಕಿಯೂ ಒಂದಾದವು. ಸುತ್ತ ನೋಡಿದೆ: ಸಿಮೆಂಟ್ ಚಪ್ಪಡಿ ಮುಚ್ಚಿದ ಒಂದು ಬಾವಿ. ಅದರ ಹಿಂದೆ, ಎಲೆಗಿಂತ ಕಾಯಿಯೇ ಹೆಚ್ಚಾಗಿ, ನೆಲ್ಲಿಮರ. ನನ್ನ ಕಣ್ಣಲ್ಲಿ ನೀರು ಬಂತು. ಅಮ್ಮ ಮಾತ್ರ ನಂಬದೆ, ಬಿದ್ದಿದ್ದ ಒಂದು ಕಾಯಿ ಎತ್ತಿ ಕಚ್ಚಿ, ಮುಖ ಕಿವುಚಿ, "ಹೌದು" ಅಂದರು.

ಮರದಡಿಯಲ್ಲಿ ಆಗಲೇ ಇಪ್ಪತ್ತು ಜನ ಊಟಕ್ಕೆ ಕೂತಿದ್ದರು. ನಡುವೆ ಸೌಟು ಹಿಡಿದು ಬಡಿಸುತ್ತಿದ್ದವರು ನಮ್ಮ ಕೆಳಗಿನ ಮಹಡಿಯ ಮಾವಶಿ.

"ಅಗೋ ಬಾಯೀ! ತುಮ್ಹೀ ಪಣ ಆಲಾತ?" ನೀವೂ ಬಂದಿರಾ ಎಂದು ಅಮ್ಮನ ಕೈ ಹಿಡಿದುಕೊಂಡರು. ದಹಿಸರ್ ಅವರ ತವರು. ಮರ ಅವರ ಅಣ್ಣನ ಜಾಗದ್ದು. ಕಾರ್ತೀಕದಲ್ಲಿ ನೆಲ್ಲಿಮರದಡಿ ಊಟ ಅವರಲ್ಲೂ ಉಂಟಂತೆ, ತಲೆಮಾರುಗಳಿಂದ. ಪ್ರತಿ ವರ್ಷ ಬರುತ್ತಾರಂತೆ. "ಮಲಾ ವಿಚಾರಾಯ್ಚಂ ನಾ, ಭಾವು!" ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದರು ನನಗೆ.

ಹೆಂಡತಿ ನನ್ನ ಕಡೆ ನೋಡಲಿಲ್ಲ. ಅಷ್ಟು ಉಪಕಾರ ಮಾಡಿದಳು.

ಅವರು ಜರುಗಿ ಜಾಗ ಮಾಡಿಕೊಟ್ಟರು. ಅಮ್ಮ ಬುಡಕ್ಕೆ ನೀರು ಹಾಕಿ, ನೂಲು ಸುತ್ತಿ, ನೆಲ್ಲಿಕಾಯಿಯ ದೀಪ ಹಚ್ಚಿದರು. ಎಲೆ ಹಾಕಿ ನನ್ನನ್ನು ಕೂರಿಸಿ ಕೋಸಂಬರಿ, ಪಲ್ಯ, ಹುಳಿ, ಸಾರು, ಪಾಯಸ ಒಂದೊಂದಾಗಿ ಬಡಿಸಿದರು. ಐವತ್ತರ ಹತ್ತಿರದ ಮಗ ತುತ್ತು ನುಂಗುವುದನ್ನು ಎಣಿಸುವ ಹಾಗೆ ನೋಡಿದರು. ಜೇನಿಲ್ಲ, ಮಳೆಯಿಲ್ಲ, ಪೊಲೀಸರಿಲ್ಲ. ಸಾರಿನ ಅನ್ನ ಮುಗಿಯುತ್ತ ಬಂದಾಗ ಅಮ್ಮ ಒಂದು ಕೈಯಲ್ಲಿ ಫ್ಲಾಸ್ಕಿನ ಮುಚ್ಚಳ ಸಡಿಲಿಸತೊಡಗಿದ್ದರು. ವಾಸನೆ ನನ್ನ ತನಕ ಬಂತು.

"ಮೊಸರನ್ನ ಒಂದು ಆಗಲಿ" ಅಂದರು. "ಮೊಸರು ತೆಗಿಯೇ."

ಹೆಂಡತಿ ಒಂದು ಚೀಲ ನೋಡಿದಳು. ಇನ್ನೊಂದು ಚೀಲ ನೋಡಿದಳು.

ಮಾವಶಿ ತಮ್ಮ ಮಜ್ಜಿಗೆಯ ಪಾತ್ರೆಯನ್ನೇ ಮುಂದೆ ತಳ್ಳಿದರು. ಅಮ್ಮ ಕೈ ಮುಗಿದರು. ಹರಕೆಯ ಊಟ, ಮೊಸರೂ ಹರಕೆ ಹೊತ್ತ ಮನೆಯಲ್ಲೇ ಹೆಪ್ಪು ಹಾಕಿದ್ದಾಗಬೇಕು. ಮೊಸರಿಲ್ಲದೆ ಎಲೆ ಬಿಟ್ಟರೆ ನಮ್ಮಲ್ಲಿ ಅದು ಊಟ ಮುಗಿದ ಹಾಗಲ್ಲ, ನಡುವೆ ಎದ್ದ ಹಾಗೆ. ಹರಕೆ ಮುಂದಿನ ಕಾರ್ತೀಕಕ್ಕೆ ಹೋಯಿತು. ಅಮ್ಮ ಫ್ಲಾಸ್ಕಿನ ಮುಚ್ಚಳ ಪೂರ್ತಿ ತೆಗೆದು, ಕಾಫಿ ಬಗ್ಗಿಸಿ, ಲೋಟವನ್ನು ಮಾವಶಿಯ ಕೈಗೆ ಕೊಟ್ಟರು. "ತಾವು ತಗೊಳ್ಳಿ. ಬಿಸಿ ಇದೆ." ಮಾವಶಿಗೆ ಕನ್ನಡ ತಿಳಿಯದು, ಕಾಫಿ ತಿಳಿಯಿತು. ಅವರು ಕುಡಿಯುವ ತನಕ ಅಮ್ಮ ಎದುರಿಗೇ ಕೂತು ನೋಡಿದರು.

ಬೆಳಿಗ್ಗೆ ಹೊರಡುವ ಮುಂಚೆ, ಚೆಲ್ಲಿದರೆ ನಕಾಶೆ ನೆನೆದುಹೋಗುತ್ತದೆ ಎಂದು, ಮೊಸರಿನ ಡಬ್ಬಿಯನ್ನು ಚೀಲದಿಂದ ತೆಗೆದು ಅಡುಗೆಮನೆಯ ಬಾಗಿಲ ಹಿಂದೆ ಇಟ್ಟವನು ನಾನೇ.