ಅತ್ತಿಗೆಯ ನಕ್ಷೆಯ ಬಿಳಿ ಬೀದಿಗಳು

ನಮ್ಮ ಅತ್ತಿಗೆ ಒಂದು ಕಡೆ ಕೂತು ಊಟ ಮಾಡಿದ್ದನ್ನು ನಾನು ಕಂಡಿಲ್ಲ. ತಟ್ಟೆ ಎಡಗೈಯಲ್ಲಿ, ಕಣ್ಣು ಕಂಪ್ಯೂಟರಿನ ಮೇಲೆ, ಕಾಲು ಅಡುಗೆಮನೆಗೂ ನಡುಮನೆಗೂ ನಡುವೆ. ಅಮ್ಮ ಅವಳಿಗೆ ಬುಗುರಿ ಎಂದೇ ಹೆಸರಿಟ್ಟಿದ್ದಳು. ನನಗಿಂತ ಒಂದೇ ವರ್ಷ ದೊಡ್ಡವಳು. 'ನೀವು, ತಾವು ಅಂದ್ರೆ ನಿನ್ನ ಹತ್ರ ಮಾತೇ ಆಡಲ್ಲ ಕಣೇ' ಎಂದು ಈ ಮನೆಗೆ ಬಂದ ವಾರವೇ ಹೆದರಿಸಿದ್ದಳು, ಹಾಗಾಗಿ ಏಕವಚನವೇ ಉಳಿಯಿತು.

ನಗರಸಭೆಯ ಆರೋಗ್ಯ ವಿಭಾಗದಲ್ಲಿ ಅವಳದು ಅಂಕಿ ತುಂಬುವ ಕೆಲಸ. ಪ್ರತಿ ಬೀದಿಯ ಮಕ್ಕಳನ್ನು ತಿಂಗಳಿಗೊಮ್ಮೆ ತೂಗಿ, ವಯಸ್ಸು, ತೂಕ ಬರೆದ ಹಾಳೆ ಬರುತ್ತಿತ್ತು. ಅದನ್ನು ಅವಳು ಕಂಪ್ಯೂಟರಿಗೆ ಹಾಕಬೇಕು. ಆಮೇಲೆ ಹಾಳೆ ಬೀರುವಿಗೆ, ಬೀರುವಿಗೆ ಬೀಗ. ಏಳು ವರ್ಷ ಹೀಗೇ ನಡೆದ ಮೇಲೆ ಒಂದು ದಿನ ತಡೆಯಲಾರದೆ ಕೇಳಿದಳಂತೆ: "ಇದನ್ನ ಯಾರು ಓದ್ತಾರೆ ಸರ್?"

"ಮೇಲಿನೋರು."

ಮೇಲಿನವರನ್ನು ಹುಡುಕಿಕೊಂಡು ಹೋಗಿ ಕೇಳಿದರೆ ಅವರು, "ಕೆಳಗಿನೋರು ನೋಡ್ಕೋತಾರಲ್ಲ" ಎಂದರು. ಅವತ್ತು ಮನೆಗೆ ಬಂದವಳ ಮುಖ ನೋಡಿ ಅಣ್ಣ ಮೆಲ್ಲಗೆ ಬಸ್ ಡಿಪೋ ಕಡೆ ನಡೆದ. ಅವನಿಗೆ ಅವತ್ತು ರಜೆ ಇತ್ತು.

ಆಮೇಲಿನ ಒಂದೂವರೆ ವರ್ಷ ನಮ್ಮ ಮನೆಯಲ್ಲಿ ಹಾಲು ಉಕ್ಕದ ದಿನವಿಲ್ಲ. ಫೋನಿನಲ್ಲಿ ಪಾಠ ಕೇಳಿ ಕೇಳಿ, ತಪ್ಪು ಮಾಡಿ ಅಳಿಸಿ, ಅವಳು ಊರಿನ ನಕ್ಷೆಯೊಂದನ್ನು ಕಟ್ಟಿದಳು. ಯಾವ ಬೀದಿಯ ಮೇಲೆ ಬೆರಳಿಟ್ಟರೂ ಅಲ್ಲಿ ನೂರಕ್ಕೆ ಎಷ್ಟು ಮಕ್ಕಳ ತೂಕ ಕಡಿಮೆ ಎಂದು ತೋರಿಸುತ್ತಿತ್ತು. ಬಣ್ಣ ಗಾಢವಾದಷ್ಟೂ ಪರಿಸ್ಥಿತಿ ಕೆಟ್ಟದ್ದು, ಬಿಳಿಯಿದ್ದರೆ ಚಿಂತೆಯಿಲ್ಲ. ಮಕ್ಕಳ ಹೆಸರಿಲ್ಲ, ಬರೀ ಬೀದಿ. ಯಾರು ಬೇಕಾದರೂ ಫೋನಿನಲ್ಲಿ ತೆರೆದು ನೋಡಬಹುದು. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಅಮ್ಮ ಒಲೆ ಒರೆಸುತ್ತಾ ಗೊಣಗುತ್ತಿದ್ದಳು. ಆದರೆ ನಕ್ಷೆಯನ್ನು ಪಕ್ಕದ ಮನೆಯವರಿಗೆ ಮೊದಲು ತೋರಿಸಿದವಳೂ ಅಮ್ಮನೇ.

ಉಳ್ಳವರ ಬಡಾವಣೆಗೂ ಬಡವರ ಕೇರಿಗೂ ನಡುವಿನ ಒಂದೇ ಗೋಡೆಯ ಈಚೆ ನೂರಕ್ಕೆ ಎರಡು ಬಡಕಲು ಮಕ್ಕಳು, ಆಚೆ ನೂರಕ್ಕೆ ಮೂವತ್ತೆಂಟು. ಇದನ್ನು ಕಣ್ಣಾರೆ ನೋಡಿದ ಮೇಲೆ ಊರು ಸುಮ್ಮನಿರಲಿಲ್ಲ. ಪತ್ರಿಕೆಯಲ್ಲಿ ಬಂತು. ಅಲ್ಲಿಯವರೆಗೆ ತೂಕಡಿಸುತ್ತಿದ್ದ ಕಚೇರಿ ನಕ್ಷೆಯನ್ನು ಸಭಾಂಗಣದ ದೊಡ್ಡ ಪರದೆಯ ಮೇಲೆ ಹಾಕಿತು. ಬಡಕಲು ಮಕ್ಕಳಿಗೆ ನಗರಸಭೆ ವಾರವಾರ ಕೊಡುವ ಪೌಷ್ಟಿಕ ಪುಡಿಯನ್ನು ಇನ್ನು ಮೇಲೆ ಗಾಢ ಬಣ್ಣದ ಬೀದಿಗಳಿಗೇ ಕಳಿಸುವುದೆಂದು ತೀರ್ಮಾನವಾಯಿತು. ನನಗೆ ಹೆಮ್ಮೆಯೋ ಹೆಮ್ಮೆ. ಬಟ್ಟೆ ಹೊಲಿಸಲು ಬಂದವರಿಗೆಲ್ಲ ಅಳತೆ ತೆಗೆಯುವ ಮೊದಲು ನಕ್ಷೆಯ ಕಥೆ ಹೇಳುತ್ತಿದ್ದೆ.

ನನ್ನದು ಮನೆಯ ಮುಂಭಾಗದ ಕೋಣೆಯಲ್ಲೇ ಹೊಲಿಗೆ ಅಂಗಡಿ. ಮಕ್ಕಳ ಬಟ್ಟೆ ಹೊಲಿಯುವವರಿಗೆ ಒಂದು ಮಾತು ಗೊತ್ತಿರುತ್ತದೆ: ಅಂಚಿನಲ್ಲಿ ಎರಡು ಬೆರಳಷ್ಟು ಬಟ್ಟೆ ಬಿಡಬೇಕು. ಮಗು ಬೆಳೆಯುತ್ತದೆ, ಆರು ತಿಂಗಳಿಗೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡಿ ಎಂದು ತಾಯಿ ಬರುತ್ತಾಳೆ. ಒಂದು ಮಧ್ಯಾಹ್ನ ಗಿರಣಿಯಲ್ಲಿ ಚೀಲ ಕಟ್ಟುವ ಹೆಂಗಸೊಬ್ಬಳು ಮಗಳ ಫ್ರಾಕ್ ತಂದು, "ಎರಡೂ ಕಡೆ ಒಂದೊಂದು ಬೆರಳು ಒಳಗೆ ಹಿಡೀರಿ" ಎಂದಳು.

"ಅಕ್ಕನ್ದು ತಂಗಿಗಾ?"

"ಇವಳದ್ದೇ, ಇವಳಿಗೇ."

ಆ ಹದಿನೈದು ದಿನದಲ್ಲಿ ಗಿರಣಿ ಹಿಂದಿನ ಬೀದಿಯಿಂದ ಹಾಗೆ ಬಂದ ಮೂರನೆಯ ಬಟ್ಟೆ ಅದು.

"ಪುಡಿ ಕೊಡ್ತಿದ್ರಲ್ಲ?"

"ನಿಂತು ಎರಡು ತಿಂಗಳಾಯ್ತು. ಅದೇನೋ ನಕ್ಷೆ ಬಂದಿದೆಯಲ್ಲ, ಅದ್ರಲ್ಲಿ ನಮ್ಮ ಬೀದಿ ಬೆಳ್ಳಗಿದೆಯಂತೆ. ನಮ್ಮ ಮಕ್ಕಳೆಲ್ಲ ಗುಂಡುಗುಂಡಗಿದಾರಂತೆ" ಎಂದು ನಕ್ಕಳು. ನನಗೆ ಆ ನಗುವನ್ನು ನೋಡಲಾಗಲಿಲ್ಲ.

ಸಂಜೆ ಅತ್ತಿಗೆ ಚಪ್ಪಲಿ ಬಿಡುವ ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿದೆ: "ನಿನ್ನ ನಕ್ಷೆ ಸುಳ್ಳು ಹೇಳ್ತಿದೆ."

"ನೀನು ನಿನ್ನ ಹೊಲಿಗೆ ನೋಡ್ಕೋ."

"ಹೊಲಿಗೆ ನೋಡಿಯೇ ಹೇಳ್ತಿರೋದು."

ನನಗೂ ಸಿಟ್ಟು ಬಂದಿತ್ತು. ಒಳಗೆ ಕೀಲಿಮಣೆಯ ಟಕಟಕ, ಹೊರಗೆ ನನ್ನ ಮೆಷಿನ್ನಿನ ಗಡಗಡ. ಅರ್ಧ ಗಂಟೆಯಾದ ಮೇಲೆ ಅವಳು ಬಂದು ನನ್ನ ಮೆಷಿನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

"ಆ ಬೀದಿ ತೂಕದ ಕಾಲಂ ಖಾಲಿ ಇದೆ ಕಣೇ. ಆರು ತಿಂಗಳಿಂದ."

"ಖಾಲಿ ಅಂದ್ರೆ?"

"ಖಾಲಿ ಅಂದ್ರೆ ಖಾಲಿ. ಯಾರೂ ತೂಗಿಲ್ಲ. ತೂಕ ಖಾಲಿ ಕಂಡ್ರೆ ಬಡಕಲು ಮಕ್ಕಳು ಸೊನ್ನೆ ಅಂತ ಓದ್ಕೋ ಅಂತ ಕಂಪ್ಯೂಟರಿಗೆ ನಾನೇ ಬರೆದಿಟ್ಟಿದೀನಿ. ಅದಕ್ಕೇ ಬಿಳಿ."

ಮರುದಿನ ಬೆಳಿಗ್ಗೆಯೇ ಆ ಬೀದಿಯ ಮಕ್ಕಳನ್ನು ತೂಗುವ ಆರೋಗ್ಯ ಕಾರ್ಯಕರ್ತೆಯ ಮನೆಗೆ ಓಡಿದಳು. ತಕ್ಕಡಿ ಕೆಟ್ಟು ಆರು ತಿಂಗಳಾಗಿತ್ತು. ಹೊಸದು ಕೊಡಿ ಎಂದು ಆಕೆ ಮೂರು ಅರ್ಜಿ ಬರೆದಿದ್ದಳು, ಉತ್ತರವಿಲ್ಲ. "ತೂಗದೇ ಸುಳ್ಳು ಬರೀಲಾ? ಖಾಲಿ ಬಿಟ್ಟೆ" ಎಂದಳಂತೆ.

ಭಾನುವಾರ ನಾವಿಬ್ಬರೂ ಗುಜರಿ ಅಂಗಡಿಯವನ ಕೊಕ್ಕೆ ತಕ್ಕಡಿ ಕೇಳಿ ತಂದೆವು. ಐದು ಕಿಲೋ ಸಕ್ಕರೆ ಚೀಲ ನೇತುಹಾಕಿ ಸರಿಯಿದೆಯೇ ಎಂದು ನೋಡಿ, ನಾನು ಹೊಲಿದ ಜೋಳಿಗೆಯಲ್ಲಿ ಆ ಬೀದಿಯ ಮಕ್ಕಳನ್ನು ಒಬ್ಬೊಬ್ಬರಾಗಿ ತೂಗಿದೆವು. ಬೆಳಗಿನ ಶಿಫ್ಟಿಲ್ಲದ ಹೆಂಗಸರೆಲ್ಲ ಸುತ್ತ ನೆರೆದರು. "ನನ್ನ ಗಂಡನ್ನ ಗುಜರಿಗೆ ಹಾಕಿದ್ರೆ ಒಂದು ಬಕೆಟ್ಟಾದ್ರೂ ಕೊಡ್ತಾರಾ?" ಎಂದು ಒಬ್ಬಳು ಕೇಳಿದ್ದಕ್ಕೆ ಬೀದಿಯೇ ನಕ್ಕಿತು. ಇಪ್ಪತ್ತಾರು ಮಕ್ಕಳಲ್ಲಿ ಹನ್ನೊಂದು ಮಕ್ಕಳ ತೂಕ ಕಡಿಮೆಯಿತ್ತು.

ಕೊನೆಗೆ ಫ್ರಾಕಿನ ಹುಡುಗಿಯ ಸರದಿ. ಮಗಳನ್ನು ಜೋಳಿಗೆಯೊಳಗೆ ಇಡುತ್ತಾ ಆ ತಾಯಿ ಹೇಳಿದಳು: "ಆ ನಕ್ಷೆ ಮಾಡಿದ ಪುಣ್ಯಾತ್ಮರು ಒಂದ್ಸಲ ಕೈಗೆ ಸಿಗಬೇಕಿತ್ತು."

"ನಾನೇ" ಎಂದಳು ಅತ್ತಿಗೆ.

ಆಕೆ ಅತ್ತಿಗೆಯ ಮುಖ ನೋಡಿದಳು. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಮನೆಗೆ ಬರುವ ದಾರಿಯುದ್ದಕ್ಕೂ ಅತ್ತಿಗೆ, "ನಾಲ್ಕು ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಲೇ ಇದ್ದಳು.

ಸೋಮವಾರ ಅವಳ ಜೊತೆ ನಾನೂ ಕಚೇರಿಗೆ ಹೋದೆ. ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಬಾಗಿಲು ತೆರೆದೇ ಇದ್ದುದರಿಂದ ಎಲ್ಲವೂ ಕೇಳಿಸಿತು. ಮುಖ್ಯಾಧಿಕಾರಿ ಕೆಟ್ಟವರೇನಲ್ಲ, ರಗಳೆ ಬೇಡದವರು ಅಷ್ಟೆ.

"ಕಾಲಂ ಖಾಲಿ ಬಿಟ್ಟಿದ್ದು ಆ ಹೆಂಗಸು ತಾನೇ? ಅವಳಿಗೊಂದು ನೋಟಿಸ್ ಕೊಟ್ರೆ ಮುಗೀತು. ನಿಮ್ಮ ನಕ್ಷೆಗೂ ಕೆಟ್ಟ ಹೆಸರು ಬರಲ್ಲ, ನನಗೂ ತಲೆನೋವಿಲ್ಲ."

ಅತ್ತಿಗೆ ಹೂಂ ಎಂದಿದ್ದರೆ ಸಾಕಿತ್ತು. ಒಂದು ಗಳಿಗೆ ನಾನೇ ಅವಳು ಹೂಂ ಎನ್ನಲಿ ಎಂದು ಬಯಸಿದೆ, ಅದನ್ನು ಮುಚ್ಚಿಡುವುದಿಲ್ಲ. ಒಂದೂವರೆ ವರ್ಷ ನೋಡಿದ್ದೆನಲ್ಲ.

"ಅವರು ಮಾಡಿದ್ದು ಸರಿ ಸರ್. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬಿಟ್ರು. ಸೊನ್ನೆ ಅಂತ ಓದಿದ್ದು ನಾನು. ಬರೆದೇ ಕೊಡ್ತೀನಿ."

ಬರೆದೂ ಕೊಟ್ಟಳು. ಮುಂದಿನ ವಾರದಿಂದ ಆ ಬೀದಿಗೆ ಪುಡಿ ಮತ್ತೆ ಬಂತು. ನಕ್ಷೆ ದೊಡ್ಡ ಪರದೆಯಿಂದ ಇಳಿಯಿತು. ನಕ್ಷೆಯಿಂದ ಮುಜುಗರಪಟ್ಟಿದ್ದ, ಗೋಡೆಯ ಈಚೆ ಬದಿಯ ನಗರಸಭಾ ಸದಸ್ಯರಿಗಂತೂ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯಿತು. "ಒಂದು ಸುಳ್ಳಾದ ಮೇಲೆ ಮಿಕ್ಕಿದ್ದೂ ಸುಳ್ಳೇ. ಆ ಮೂವತ್ತೆಂಟೂ ಸುಳ್ಳು" ಎಂದು ಸಭೆಯಲ್ಲಿ ಮೇಜು ಕುಟ್ಟಿದರಂತೆ. ಅದು ಸುಳ್ಳಲ್ಲ. ಆದರೆ ಕೇಳುವವರ್‍ಯಾರು?

ಅತ್ತಿಗೆ ನಕ್ಷೆಯನ್ನು ಸರಿಪಡಿಸಿ ಮನೆಯಿಂದಲೇ ಮತ್ತೆ ಇಂಟರ್ನೆಟ್ಟಿಗೆ ಏರಿಸಲು ಕೂತಳು. ಸೊನ್ನೆಗೆ ಬಿಳಿ ಇರಲಿ, 'ಗೊತ್ತಿಲ್ಲ' ಎನ್ನುವುದಕ್ಕೆ ಬೇರೆ ಬಣ್ಣ ಬೇಕೆಂದು ಬೂದಿ ಬಣ್ಣ ಆರಿಸಿದಳು. ಗುಂಡಿ ಒತ್ತುವಾಗ ನಾನು ಅವಳ ಹಿಂದೆಯೇ ನಿಂತಿದ್ದೆ. ಬೀದಿಗಳು ಒಂದೊಂದಾಗಿ ಬೂದಿಯಾಗತೊಡಗಿದವು. ರೈಲು ಹಳಿಯ ಪಕ್ಕದವು, ಕಸ ಸುರಿಯುವ ಬಯಲಿನ ಸುತ್ತಿನವು, ಹೊಳೆ ದಂಡೆಯವು. ಎಣಿಸಿದರೆ ನಲವತ್ತಮೂರು. ಇಷ್ಟು ದಿನ ಅವೆಲ್ಲ ಬಿಳಿಯಾಗಿದ್ದವು.

"ಇಲ್ಲೆಲ್ಲ ಪುಡಿ ಬೇಡ ಅಂತ ಹೇಳಿರೋಳು ನಾನೇ" ಎಂದಳು.

ಎದ್ದು ಕಿಟಕಿಗೆ ಹೋದಳು, ಬಾಗಿಲಿಗೆ ಹೋದಳು, ಮತ್ತೆ ಬಂದು ನನ್ನ ತೋಳು ಹಿಡಿದಳು.

"ಈ ಬೀದಿಗಳೋರು ಬಟ್ಟೆ ಎಲ್ಲಿ ಹೊಲಿಸ್ತಾರೆ?"

ನನಗೆ ಗೊತ್ತಿರಲಿಲ್ಲ.