ಲವೀನಾ ಸ್ಟಿಲ್ಟ್ನರ್ ಬರೆದ ಒಂದು ವರ್ಷದ ಖರ್ಚು

ಗಣಿಗಳ ಗುಡ್ಡದ ಊರು ಲಾರೆಲ್ ಗ್ಯಾಪಿನ ಆಸ್ಟಿಯೋಪತಿ ವೈದ್ಯಕೀಯ ಕಾಲೇಜಿನಲ್ಲಿ ಒಂದು ವರ್ಷ ಓದಲು ಎಷ್ಟು ದುಡ್ಡು ಬೇಕೆಂದು ಹತ್ತೊಂಬತ್ತು ವರ್ಷ ಅಂದಾಜು ಹಾಕಿದವಳು ಲವೀನಾ ಸ್ಟಿಲ್ಟ್ನರ್. ಅವಳು ವೈದ್ಯೆಯೂ ಅಲ್ಲ, ದೊಡ್ಡ ಲೆಕ್ಕಪತ್ರ ಬಲ್ಲವಳೂ ಅಲ್ಲ. ಹೈಸ್ಕೂಲು ಮುಗಿಸಿ ಟೈಪಿಂಗ್ ಕಲಿತವಳು, ಕಲ್ಲಿದ್ದಲು ಗಣಿಯ ಕೆಲಸಗಾರ ಆರ್ವಿಲನ ಹೆಂಡತಿ. ಕಾಲೇಜು ಶುರುವಾದ ವರ್ಷವೇ ಅಲ್ಲಿನ ವಿದ್ಯಾರ್ಥಿ ಸಾಲದ ಕಚೇರಿಯ ಕಿಟಕಿಯ ಹಿಂದೆ ಕೂತವಳು ಅಲ್ಲೇ ಬೇರುಬಿಟ್ಟಳು. ಪ್ರತಿ ಮಾರ್ಚಿನಲ್ಲಿ ಅವಳು ಒಂದು ಹಾಳೆ ತಯಾರಿಸಬೇಕು. ಫೀಜು, ಬಾಡಿಗೆ, ಊಟ, ಪುಸ್ತಕ, ಓಡಾಟ, ಕೊನೆಗೆ ಮೊತ್ತ. ಆ ಮೊತ್ತ ಕಾಲೇಜಿನ ಪುಸ್ತಿಕೆಯಲ್ಲಿ ಅಚ್ಚಾಗುತ್ತಿತ್ತು. ಸರ್ಕಾರ ಕೊಡುವ ಸಾಲವೂ ಅಲ್ಲಿಗೇ ನಿಲ್ಲುತ್ತಿತ್ತು. ಹಾಳೆಯಲ್ಲಿ ಅರವತ್ತನಾಲ್ಕು ಸಾವಿರ ಡಾಲರ್ ಎಂದಿದ್ದರೆ ಅದರ ಮೇಲೆ ಒಂದು ಡಾಲರೂ ಹುಟ್ಟುತ್ತಿರಲಿಲ್ಲ.

ಲವೀನಾ ಆ ಹಾಳೆಯನ್ನು ಸ್ವಂತ ಸಂಸಾರ ತೂಗಿಸುವ ಹಾಗೆ ಬರೆಯುತ್ತಿದ್ದಳು. ಊರಿನ ಮನೆ ಮಾಲೀಕರಿಗೆಲ್ಲ ತಾನೇ ಫೋನು ಮಾಡಿ, ಓದೋ ಮಕ್ಕಳ ಹತ್ತಿರ ಅಷ್ಟೊಂದು ಕೇಳಿದರೆ ದೇವರು ಮೆಚ್ಚುತ್ತಾನಾ ಎಂದು ಚೌಕಾಸಿ ಮಾಡಿ, ಬಾಡಿಗೆಯಲ್ಲಿ ಇಪ್ಪತ್ತು ಮೂವತ್ತು ಡಾಲರ್ ಇಳಿಸುತ್ತಿದ್ದಳು. ಊಟದ ಲೆಕ್ಕಕ್ಕೆ ಬೇಯಿಸಿದ ಹುರುಳಿ, ಜೋಳದ ರೊಟ್ಟಿ, ಭಾನುವಾರ ಕೋಳಿ. ಸಾಲ ಎಂಬ ಮಾತು ಕೇಳಿದರೆ ಅವಳಿಗೆ ಅಜ್ಜನೇ ನೆನಪಾಗುತ್ತಿದ್ದ. ಅವಳ ಅಜ್ಜ ಮೂವತ್ತು ವರ್ಷ ಗಣಿಯಲ್ಲಿ ದುಡಿದು, ಗಣಿಯವರದೇ ಅಂಗಡಿಯಲ್ಲಿ ಸಂಬಳದ ಮೇಲೆ ಸಾಲಕ್ಕೆ ಹಿಟ್ಟು ಉಪ್ಪು ತಂದು, ಒಂದು ಸಲವೂ ಸಂಬಳವನ್ನು ಕೈಯಲ್ಲಿ ಹಿಡಿದು ನೋಡಿದವನಲ್ಲ. ಅವನನ್ನು ಮಣ್ಣು ಮಾಡಿದ ಮಾರನೆಯ ದಿನ ಅಂಗಡಿಯ ಬಾಕಿ ಚೀಟಿ ಅಜ್ಜಿಯ ಕೈಗೆ ಬಂತು. ಹಾಗಾಗಿ ಹಾಳೆಯಿಂದ ಒಂದು ಡಾಲರ್ ಕಿತ್ತರೆ ಒಂದು ಮಗುವಿನ ತಲೆಯ ಮೇಲಿಂದ ಒಂದು ಡಾಲರ್ ಇಳಿಯಿತು ಎಂದೇ ಅವಳು ನಂಬಿದ್ದಳು. ಕಚೇರಿಯ ಮುಖ್ಯಸ್ಥ ಗಾರ್ಲಂಡ್ ಕೂಂಬ್ಸ್‌ಗೆ ಇದರಿಂದ ಹಾಲು ಕುಡಿದಷ್ಟು ಸಂತೋಷ. ಪಕ್ಕದ ರಾಜ್ಯದ ಕಾಲೇಜಿಗಿಂತ ನಾವು ಅಗ್ಗ ಎಂದು ಅವನು ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದ. ಕ್ರಿಸ್‌ಮಸ್ಸಿಗೆ ಲವೀನಾಳ ಮನೆಗೆ ತಪ್ಪದೆ ಒಂದು ಹಂದಿ ತೊಡೆ ಕಳಿಸುತ್ತಿದ್ದ.

ಆದರೆ ಹಾಳೆಯಲ್ಲಿ ಒಂದು ಸಾಲು ಇತ್ತು. ಕೊನೆಯ ಎರಡು ವರ್ಷ ಈ ಮಕ್ಕಳು ಊರಿನಲ್ಲಿ ಇರುವುದೇ ಇಲ್ಲ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇಲ್ಲದ ಕಾರಣ ನಾಲ್ಕು ವಾರ ಒಂದು ಊರಿನ ಆಸ್ಪತ್ರೆ, ನಾಲ್ಕು ವಾರ ಇನ್ನೊಂದು ರಾಜ್ಯದ ಆಸ್ಪತ್ರೆ ಎಂದು ಗಂಟುಮೂಟೆ ಹೊತ್ತು ತಿರುಗಬೇಕು. ಅಲ್ಲಿ ಮಲಗುವ ಹಾಸಿಗೆಗೆ ಲವೀನಾ ಬರೆದದ್ದು ಸೊನ್ನೆ.

ಇದು ಜಿಪುಣತನವಲ್ಲ. ಗುಡ್ಡದ ಜನಕ್ಕೆ ಪರ ಊರಿನಲ್ಲಿ ಹಾಸಿಗೆಗೆ ದುಡ್ಡು ಕೊಡುವುದೆಂದರೆ ಅವಮಾನ. ಗಣಿ ಮುಚ್ಚಿದಾಗಲೆಲ್ಲ ಇಲ್ಲಿಂದ ಹೊರಟವರು ಒಹಾಯೊ, ಮಿಶಿಗನ್ನಿನ ಕಾರ್ಖಾನೆ ಊರುಗಳಲ್ಲಿ ತುಂಬಿಕೊಂಡಿದ್ದಾರೆ. ಯಾವ ಊರಿಗೆ ಹೋದರೂ ಒಬ್ಬ ದೊಡ್ಡಪ್ಪನ ಮಗನೋ, ಅತ್ತೆಯ ಸೊಸೆಯೋ ಸಿಕ್ಕೇ ಸಿಗುತ್ತಾರೆ, ನೆಲದ ಮೇಲೆ ಒಂದು ರಗ್ಗು ಹಾಸಿಯೇ ಹಾಸುತ್ತಾರೆ. ಕಾಲೇಜಿನ ಅರ್ಧ ಮಕ್ಕಳು ಗುಡ್ಡದವರೇ ಅಲ್ಲ, ಅವರಿಗೆ ಇಂಥ ನೆಂಟರಿಲ್ಲ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ಹಿಂದೊಮ್ಮೆ ಮಿನೆಸೋಟದ ಹುಡುಗನೊಬ್ಬ, ತಾನು ಆರು ವಾರದಿಂದ ಕಾರಿನಲ್ಲಿ ಮಲಗುತ್ತಿದ್ದೇನೆ, ಅಂದಾಜು ಏರಿಸಿ ಸಾಲ ಕೊಡಿಸಿ ಎಂದು ಅರ್ಜಿ ಹಾಕಿದ್ದ. ಲವೀನಾ ಕೂತು, ಬೈದ ಹಾಗೂ ಆಗದಂತೆ ಬುದ್ಧಿ ಹೇಳಿದ ಹಾಗೂ ಆಗುವಂತೆ ಒಂದು ಉತ್ತರ ಬರೆದಳು. ಗಾರ್ಲಂಡ್‌ಗೆ ಅದು ಎಷ್ಟು ಹಿಡಿಸಿತೆಂದರೆ, ಇನ್ನು ಮೇಲೆ ಇಂಥ ಅರ್ಜಿಗೆಲ್ಲ ಇದನ್ನೇ ಕಳಿಸೋಣ ಎಂದು ಜೋಪಾನವಾಗಿ ಇಟ್ಟುಕೊಂಡ.

ಆಮೇಲೆ ಅವಳ ಮಗಳು ಹೆಟ್ಟಿಗೆ ಅದೇ ಕಾಲೇಜಿನಲ್ಲಿ ಸೀಟು ಸಿಕ್ಕಿತು.

ಹೆಟ್ಟಿ ಕೈ ಗುಣದವಳು. ಈ ವಿದ್ಯೆಯಲ್ಲಿ ಔಷಧಿ, ಶಸ್ತ್ರಚಿಕಿತ್ಸೆಯ ಜೊತೆಗೆ ಬೆನ್ನುಮೂಳೆ, ಕುತ್ತಿಗೆ, ಸ್ನಾಯುಗಳನ್ನು ಬೆರಳಲ್ಲೇ ಓದಿ ಸಡಿಲಿಸುವುದನ್ನೂ ಕಲಿಸುತ್ತಾರೆ. ಅಭ್ಯಾಸಕ್ಕೆ ಬೇಕಾದ ಮಡಿಚುವ ಮೇಜನ್ನು ಆರ್ವಿಲ್ ಮೂಗಿನಲ್ಲಿ ಆಮ್ಲಜನಕದ ಕೊಳವೆ ಇಟ್ಟುಕೊಂಡೇ ಓಕ್ ಹಲಗೆಯಲ್ಲಿ ಮಾಡಿಕೊಟ್ಟ. ಸಂಜೆ ಅಡುಗೆಮನೆಯಲ್ಲಿ ಮೇಜು ಬಿಚ್ಚಿ, ಮೊದಲು ಅಮ್ಮನ ಹೆಗಲು, ಆಮೇಲೆ ಅಪ್ಪನ ಪಕ್ಕೆಲುಬು. ಗಣಿಯ ಧೂಳು ತುಂಬಿದ ಆ ಎದೆಗೂಡಿನ ಮೇಲೆ ಮಗಳು ಕೈಯಿಟ್ಟರೆ ಆರ್ವಿಲ್ ಒಂದು ಗಂಟೆ ನೆಮ್ಮದಿಯಾಗಿ ಉಸಿರಾಡುತ್ತಿದ್ದ. ಇವಳೊಬ್ಬಳು ಡಾಕ್ಟರಾಗಿ ಬಿಟ್ಟರೆ ನನ್ನ ಅಜ್ಜಿಯ ಬಾಕಿ ಚೀಟಿ ಹರಿದ ಹಾಗೆ ಎಂದು ಲವೀನಾ ಮನಸ್ಸಿನಲ್ಲೇ ಅಂದುಕೊಂಡಳು. ಅವಳ ಬದುಕಿನ ಆಸೆಯೆಲ್ಲ ಆ ಒಂದರಲ್ಲೇ ಇತ್ತು.

ಮನೆಯಲ್ಲೇ ಉಂಡು ಓದಿದ್ದರಿಂದ ಎರಡು ವರ್ಷ ಸಲೀಸಾಗಿ ಕಳೆಯಿತು. ಮೂರನೆಯ ವರ್ಷ ಹೆಟ್ಟಿ ಒಹಾಯೊದ ಡೇಟನ್ನಿನ ಆಸ್ಪತ್ರೆಗೆ ಹೋಗಿ ಅಪ್ಪನ ಕಡೆಯ ಅಣ್ಣನ ಮನೆಯಲ್ಲಿ ಉಳಿದಳು. ಎರಡನೆಯ ವಾರಕ್ಕೆ ಅತ್ತಿಗೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡತೊಡಗಿದಳು. ಮುಂದಿನ ಆಸ್ಪತ್ರೆಗಳ ಊರಿನಲ್ಲಿ ನೆಂಟರೂ ಇರಲಿಲ್ಲ. ಒಂದೊಂದು ತಿಂಗಳಿಗೆ ಕೋಣೆ ಕೊಡುವವರು ಎರಡು ತಿಂಗಳ ಮುಂಗಡ ಕೇಳಿದರು. ಸಾಲದ್ದಕ್ಕೆ ಒಂದೇ ಓದಿಗೆ ಎರಡೆರಡು ಪರೀಕ್ಷೆ. ತಮ್ಮ ಪದ್ಧತಿಯದು ಒಂದು. ಬೇರೆ ಆಸ್ಪತ್ರೆಗಳು ಅದನ್ನು ಕಣ್ಣೆತ್ತಿ ನೋಡುವುದಿಲ್ಲವಾದ್ದರಿಂದ ಉಳಿದ ವೈದ್ಯರು ಬರೆಯುವುದು ಇನ್ನೊಂದು. ಕಡ್ಡಾಯ ಅಲ್ಲವೆಂದು ಲವೀನಾ ಅದನ್ನೂ ಹಾಳೆಗೆ ಸೇರಿಸಿರಲಿಲ್ಲ.

ನಾಲ್ಕನೆಯ ವರ್ಷ ಕಷ್ಟ ಕುತ್ತಿಗೆಗೆ ಬಂತು. ಕೈಗೆ ಪದವಿ ಬಂದರೆ ಸಾಲದು, ಯಾವುದಾದರೂ ಆಸ್ಪತ್ರೆ ತರಬೇತಿಗೆ ತೆಗೆದುಕೊಳ್ಳಬೇಕು, ಆಗಲೇ ರೋಗಿಯನ್ನು ಮುಟ್ಟುವ ಪರವಾನಗಿ. ಹನ್ನೊಂದು ಆಸ್ಪತ್ರೆಗಳು ಹೆಟ್ಟಿಯನ್ನು ಸಂದರ್ಶನಕ್ಕೆ ಕರೆದವು. ಹೋಗಿಬರಲು ಒಂಬತ್ತು ಸಾವಿರ ಡಾಲರ್ ಬೇಕಿತ್ತು. ಸಾಲ ಹಾಳೆಯ ಮೊತ್ತ ಮುಟ್ಟಿ ನಿಂತಿತ್ತು. ಮನೆ ಒತ್ತೆಯಿಡೋಣವೆಂದರೆ ಅದು ನಿಂತಿದ್ದ ಆರ್ವಿಲನ ಅಜ್ಜನ ಜಾಗಕ್ಕೆ ಹದಿನಾಲ್ಕು ಮಂದಿ ವಾರಸುದಾರರು. ಬ್ಯಾಂಕಿನವರು ಲವೀನಾಳ ಸಂಬಳದ ಚೀಟಿ ನೋಡಿ ಮರ್ಯಾದೆಯಿಂದ ಕಾಫಿ ಕುಡಿಸಿ ಕಳಿಸಿದರು. ಆರ್ವಿಲ್ ತನ್ನ ಹಳೆಯ ಟ್ರಕ್ಕನ್ನು ಎರಡು ಸಾವಿರಕ್ಕೆ ಮಾರಿದ.

ಉಳಿದದ್ದು ಅರ್ಜಿಯೊಂದೇ. ಹೆಟ್ಟಿ ಕೋಣೆಯ ಬಾಡಿಗೆ, ಪೆಟ್ರೋಲು, ಪರೀಕ್ಷೆಯ ರಸೀದಿಗಳನ್ನೆಲ್ಲ ಪಿನ್ನು ಹಾಕಿ ಅಮ್ಮನ ಕಚೇರಿಗೇ ಕೊಟ್ಟಳು. ರಕ್ತಸಂಬಂಧಿಯ ಕಡತವನ್ನು ಮುಟ್ಟುವಂತಿಲ್ಲವೆಂದು ಗಾರ್ಲಂಡ್ ಅದನ್ನು ಲವೀನಾಳ ಮೇಜಿನಿಂದ ಎತ್ತಿಕೊಂಡು ಹೋದ. ಅವಳು ಬಾಗಿಲು ಹಾಕಿ ಅವನೆದುರು ನಿಂತಳು.

"ಗಾರ್ಲಂಡ್, ಆ ಸೊನ್ನೆ ಬರೆದೋಳು ನಾನು. ತಪ್ಪು ನಂದು. ಹುಡುಗಿಗೆ ಶಿಕ್ಷೆ ಕೊಡಬೇಡಿ."

"ತಪ್ಪು ಅಂತ ಈಗ ಒಪ್ಕೊಂಡ್ರೆ ಇಷ್ಟು ವರ್ಷ ಓದಿದ ಮಕ್ಕಳೆಲ್ಲ ಬಂದು ಬಾಗಿಲು ತಟ್ತಾರೆ," ಎಂದ ಗಾರ್ಲಂಡ್. "ನಿಮ್ಮ ಮಗಳಿಗೆ ಮಾತ್ರ ಮಾಡಿದ್ರೆ ಊರು ಸುಮ್ನಿರುತ್ತಾ? ನೀವೇ ಹೇಳಿ."

ಒಂದು ವಾರದ ಮೇಲೆ ಕಾಗದ ಬಂತು. ಹೆಟ್ಟಿ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದಳು. ಮಿತವಾಗಿ ಬದುಕುವ ವಿದ್ಯಾರ್ಥಿಗೆ ನಮ್ಮ ಅಂದಾಜು ಧಾರಾಳವಾಗಿ ಸಾಕು. ಬಂಧುಗಳ ನೆರವು ಪಡೆದು ಹೊಂದಿಸಿಕೊಳ್ಳುವುದು ಒಳ್ಳೆಯ ಮನೆತನದ ಲಕ್ಷಣ. ಇಂದಿನ ಸಂಯಮಕ್ಕೆ ಮುಂದೆ ನೀವೇ ನಮ್ಮನ್ನು ನೆನೆಯುವಿರಿ. ಮಿನೆಸೋಟದ ಹುಡುಗನಿಗೆ ಬರೆದ ಅದೇ ಕಾಗದ. ಒಂದು ಅಕ್ಷರವೂ ಬದಲಾಗಿರಲಿಲ್ಲ.

"ಯಾರೋ ಭಾರಿ ಪುಣ್ಯಾತ್ಮರು ಬರೆದಿದ್ದಾರಮ್ಮ," ಎಂದಳು ಹೆಟ್ಟಿ. "ಹೊಟ್ಟೆಗೆ ಹೊಡೆದು ಬೆನ್ನು ಸವರಿದ್ದಾರೆ."

ಅದು ತನ್ನದೇ ಬರಹ ಎಂಬುದನ್ನು ಮುಚ್ಚಿಟ್ಟು ಲವೀನಾ ಕಾಗದ ಇಸಿದುಕೊಂಡು ಮಡಿಸಿದಳು. ಆರ್ವಿಲ್‌ಗೆ ಗೊತ್ತಿತ್ತು. ಆ ಕಾಗದ ಬರೆದ ದಿನ ಅವಳು ಅದನ್ನು ಹೆಮ್ಮೆಯಿಂದ ಅವನಿಗೆ ಓದಿ ಹೇಳಿದ್ದಳು. ಅವನು ಹೆಂಡತಿಯ ಮುಖ ನೋಡಿ, ಕೊಳವೆ ಸರಿ ಮಾಡಿಕೊಂಡು, ಹೊರಗೆ ಹೋಗಿ ಕೂತ.

ಹೆಟ್ಟಿ ಹನ್ನೊಂದರಲ್ಲಿ ನಾಲ್ಕು ಊರಿಗೆ ಹೋಗಿ ಬಂದಳು. ನಾಲ್ಕನೆಯದಕ್ಕೆ ಒಂಬತ್ತು ಗಂಟೆ ಕಾರು ಓಡಿಸಿ, ಪೆಟ್ರೋಲ್ ಬಂಕಿನ ಅಂಗಳದಲ್ಲಿ ಮಲಗಿ, ಅಲ್ಲೇ ಮುಖ ತೊಳೆದು ಹೋದವಳು ಸಂದರ್ಶನದ ಕುರ್ಚಿಯಲ್ಲಿ ತೂಕಡಿಸಿಬಿಟ್ಟಳು. ಮಾರ್ಚಿನ ಒಂದು ಸೋಮವಾರ ಬಂದ ತರಬೇತಿ ಹಂಚಿಕೆಯ ಸಂದೇಶದಲ್ಲಿ ಅವಳಿಗೆ ಯಾವ ಆಸ್ಪತ್ರೆಯಲ್ಲೂ ಜಾಗ ಇರಲಿಲ್ಲ. ಮೇ ತಿಂಗಳಲ್ಲಿ ಹಸಿರು ಪಟ್ಟಿಯ ಗೌನು ತೊಟ್ಟು ವೇದಿಕೆ ಹತ್ತಿ ಡಾಕ್ಟರ್ ಹೆಟ್ಟಿ ಸ್ಟಿಲ್ಟ್ನರ್ ಎಂದು ಕೂಗಿಸಿಕೊಂಡಳು. ಜನ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಅವಳು ಯಾರಿಗೂ ಒಂದು ಮಾತ್ರೆ ಬರೆದುಕೊಡುವಂತಿರಲಿಲ್ಲ. ತಲೆಯ ಮೇಲೆ ಎರಡೂವರೆ ಲಕ್ಷ ಡಾಲರ್ ಸಾಲವಿತ್ತು. ಮರುವರ್ಷದ ಅರ್ಜಿಗೂ ಮತ್ತೆ ಅಷ್ಟೇ ದುಡ್ಡು ಬೇಕಿತ್ತು.

ಮುಂದಿನ ಮಾರ್ಚಿನ ಲೆಕ್ಕಕ್ಕೆಂದು ಆ ಚಳಿಗಾಲ ಲವೀನಾ ಮೊದಲ ಸಲ ನಿಜವಾದ ಹಾಳೆ ಬರೆದಳು. ಮಗಳ ರಸೀದಿಗಳನ್ನು ಒಂದೊಂದಾಗಿ ಇಟ್ಟುಕೊಂಡು ಹಾಸಿಗೆ, ಮುಂಗಡ, ಎರಡೂ ಪರೀಕ್ಷೆ, ದಾರಿಯ ಊಟ ಎಲ್ಲ ಸೇರಿಸಿದಳು. ಎಂಬತ್ತೊಂದು ಸಾವಿರ ಆಯಿತು. ಗಾರ್ಲಂಡ್ ನೋಡಿ ಪೆನ್ಸಿಲ್ ಕೆಳಗಿಟ್ಟ. ಇದನ್ನು ಅಚ್ಚು ಹಾಕಿದರೆ ಗುಡ್ಡದ ಮಕ್ಕಳು ಹೆದರಿ ಓಡಿಹೋಗುತ್ತಾರೆ, ಒಂದು ಮನೆಯ ದುಃಖವನ್ನು ಪುಸ್ತಿಕೆಗೆ ಹಾಕಲಾಗುವುದಿಲ್ಲ ಎಂದ. ಹಳೆಯ ಮೊತ್ತಕ್ಕೆ ಒಂದು ಸಾವಿರ ಸೇರಿಸಿ ಮುದ್ರಣಕ್ಕೆ ಕಳಿಸಿದ. ಲವೀನಾ ತನ್ನ ಹಾಳೆಯನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡು, ಕಿಟಕಿಗೆ ಬಂದು ಕೇಳಿದವರಿಗೆ ಅದನ್ನು ತೋರಿಸತೊಡಗಿದಳು. ಮಗಳ ಕೈಯಲ್ಲಿ ಆಗಲಿಲ್ಲವಲ್ಲ, ಅದಕ್ಕೆ ಬೇರೆಯವರ ಮಕ್ಕಳ ಕಾಲಿಗೆ ಅಡ್ಡ ಬರುತ್ತಾಳೆ ಎಂದು ಊರು ಆಡಿಕೊಂಡಿತು. ಚರ್ಚಿನಲ್ಲಿ ಅವಳ ಪಕ್ಕದ ಜಾಗ ಖಾಲಿ ಉಳಿಯತೊಡಗಿತು.

ಏಪ್ರಿಲಿನಲ್ಲಿ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಅದೇ ಗುಡ್ಡದ ಆಚೆ ಬದಿಯವರು. ಹುಡುಗಿಗೆ ಸೀಟು ಸಿಕ್ಕಿತ್ತು, ಕಣ್ಣಲ್ಲಿ ಮಿಂಚಿತ್ತು. ಲವೀನಾ ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟಳು. ಹೆಂಗಸು ಲವೀನಾ ಬರೆದದ್ದನ್ನು ನೋಡದೆ ಪುಸ್ತಿಕೆಯದನ್ನು ಎತ್ತಿಕೊಂಡಳು.

"ನಿಮ್ಮ ಮಗಳೂ ಇಲ್ಲೇ ಓದಿದ್ದಂತೆ," ಎಂದಳು, ಚುಚ್ಚುವ ಹಾಗೆ. "ಅವಳು ಈ ಕಡಿಮೆ ದುಡ್ಡಲ್ಲೇ ಓದಿದ್ದಲ್ವಾ?"

"ಹೌದು. ಇದರಲ್ಲೇ ಓದಿದ್ಳು."

"ಡಾಕ್ಟರ್ ಆದ್ಳಾ ಇಲ್ವಾ?"

"ಆಗಿದ್ದಾಳೆ. ಕೆಳಗಿನ ಮಹಡೀಲಿದ್ದಾಳೆ, ಬನ್ನಿ ತೋರಿಸ್ತೀನಿ."

ಅವರನ್ನು ಅಭ್ಯಾಸದ ಕೊಠಡಿಯ ಗಾಜಿನ ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಒಳಗೆ ಸಾಲಾಗಿ ಮೇಜುಗಳು. ಮೊದಲ ವರ್ಷದ ಮಕ್ಕಳು ಬಿಳಿ ಕೋಟು ಹಾಕಿಕೊಂಡು, ಗಂಟೆಗೆ ಹದಿನೈದು ಡಾಲರ್ ಕೂಲಿಗೆ ಬಂದು ರೋಗಿಗಳಂತೆ ನಟಿಸುವವರ ಬೆನ್ನು ತಡವುತ್ತಿದ್ದರು. ಹತ್ತಿರದ ಮೇಜಿನ ಮೇಲೆ ಒಬ್ಬಳು ಬೋರಲು ಮಲಗಿ, ಬರೆದುಕೊಟ್ಟ ಮಾತನ್ನೇ ಹೇಳುತ್ತಿದ್ದಳು, ಕಾರು ಹಿಂದೆ ತೆಗೆಯುವಾಗ ಕುತ್ತಿಗೆ ಉಳುಕಿತು ಎಂದು. ಆಮೇಲೆ ದನಿ ತಗ್ಗಿಸಿ, ಅವಳ ಕುತ್ತಿಗೆ ತಡವುತ್ತಿದ್ದ ಹುಡುಗನಿಗೆ, "ಎರಡು ಬೆರಳು ಕೆಳಗೆ. ಇನ್ನೂ ಸ್ವಲ್ಪ. ಹಾ, ಅಲ್ಲಿ," ಎಂದಳು.

ಹುಡುಗಿ ಬಿಳಿ ಕೋಟುಗಳ ನಡುವೆ ಹುಡುಕಿದಳು. "ಇವರಲ್ಲಿ ನಿಮ್ಮ ಮಗಳು ಯಾರು, ಆಂಟಿ?"

"ಕೋಟು ಹಾಕಿರೋರಲ್ಲಮ್ಮ," ಎಂದಳು ಲವೀನಾ. "ಮಲಗಿದ್ದಾಳಲ್ಲ, ಅವಳು."

ಹುಡುಗಿ ತಾಯಿಯ ಕೈಯಿಂದ ಪುಸ್ತಿಕೆಯ ಹಾಳೆ ತೆಗೆದುಕೊಂಡು ಮತ್ತೊಮ್ಮೆ ಮೊದಲಿಂದ ಓದತೊಡಗಿದಳು.