ಡಾಕ್ಟರು ಕೇಳಿದ್ದು ಊಟದ ವಿಚಾರವಲ್ಲ

ನಮ್ಮ ಯಜಮಾನರ ಕಿವಿ ಹೋಗಿದ್ದು ಮಿಲ್ಲಿನ ಸದ್ದಿನಿಂದಲ್ಲ, ನನ್ನಿಂದ. ಭದ್ರಾವತಿಯಲ್ಲಿ ನಮ್ಮನ್ನು ಬಲ್ಲವರೆಲ್ಲ ಇವತ್ತಿಗೂ ಇವರು ದುಡಿದ ಉಕ್ಕಿನ ಕಾರ್ಖಾನೆಯ ರೋಲಿಂಗ್ ಮಿಲ್ಲನ್ನೇ ಬೈಯುತ್ತಾರೆ. ಇವರೂ ಬೈಯುತ್ತಾರೆ. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟುತ್ತೇನೆ — ಇಷ್ಟು ವರ್ಷ ಹಾಗೇ ನಡೆಸಿಕೊಂಡು ಬಂದೆ.

ಇವರಿಗೆ ಟಿ.ಬಿ. ಆಗಿತ್ತು. ಮೊದಲ ಸಲ, ಕೆಮ್ಮು ನಿಂತಿತಲ್ಲ ಎಂದು ಮಾತ್ರೆಯನ್ನೂ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಎರಡು ಸಾವಿರದ ಇಸವಿ ಕಳೆದ ಮೇಲೆ ಅದು ತಿರುಗಿ ಬಂತು. ಈ ಸಲ ಹಳೆಯ ಮಾತ್ರೆಗೆ ಜಗ್ಗಲಿಲ್ಲ. ಶಿವಮೊಗ್ಗದ ಡಾಕ್ಟರು ಬೇರೆ ಮಾತ್ರೆ ಬರೆದರು, ಜೊತೆಗೆ ದಿನಾ ಇಂಜೆಕ್ಷನ್, ತಿಂಗಳುಗಟ್ಟಲೆ. ಮಾತ್ರೆ ನುಂಗಿದರೆ ತಿಂದಿದ್ದೆಲ್ಲ ವಾಂತಿ. ಚುಚ್ಚಿಸಿಕೊಂಡ ನೋವಿಗೆ ಒಂದು ಮಗ್ಗುಲಿಗೆ ವಾಲಿಯೇ ಕೂರುತ್ತಿದ್ದರು. ಬಾಯಿ ಮಾತ್ರ ಸುಮ್ಮನಿರಲಿಲ್ಲ. ನಮ್ಮ ಕ್ವಾರ್ಟರ್ಸಿಗೆಲ್ಲ ಇವರು ಹೆಸರಾಂತ ಅಣಕುಗಾರ — ತಮಿಳು ಫೋರ್‌ಮನ್ ಬೈಯುವುದು, ತೆಲುಗು ಮೇಸ್ತ್ರಿ ರಜ ಕೇಳುವುದು, ನಮ್ಮಮ್ಮ ಸೀನುವುದು, ಎಲ್ಲ ತದ್ವತ್. ಆ ಸಂಕಟದಲ್ಲೂ ಕಾಂಪೌಂಡರನ್ನು ಅಣಕಿಸಿ ನನ್ನನ್ನು ನಗಿಸುತ್ತಿದ್ದರು.

ಇವರು ಎಕ್ಸರೇಗೆ ಹೋಗಿದ್ದಾಗ ಡಾಕ್ಟರು ನನ್ನನ್ನು ಕರೆದು ಹೇಳಿದ್ದರು — ಈ ಇಂಜೆಕ್ಷನ್ ಕೆಲವರ ಕಿವಿಗೆ ಪೆಟ್ಟು ಕೊಡುತ್ತದೆ, ಗುಂಯ್ ಎಂದರೂ ತಕ್ಷಣ ತಿಳಿಸಬೇಕು. ನಾನದನ್ನು ಇವರಿಗೆ ಹೇಳಲಿಲ್ಲ. ಹೇಳಿದರೆ ಹಿಂದಿನ ಹಾಗೆ ನಡುವೆಯೇ ಬಿಟ್ಟುಬಿಡುತ್ತಾರೆ ಎಂಬ ಭಯ. ಕೆಲವು ವಾರಗಳಾದ ಮೇಲೆ, "ಕಿವೀಲಿ ಜೀರುಂಡೆ ಕೂತಂಗಿದೆ ಕಣೇ" ಎಂದರು. ಮಿಲ್ಲಿನಲ್ಲಿ ದುಡಿದವರ ಕಿವಿ ಗುಂಯ್ ಅನ್ನದೆ ಸಂಗೀತ ಹಾಡುತ್ತದೆಯೇ ಎಂದು ಗದರಿದೆ. ನಂಬಿದರು.

ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ರೂಢಿ. ಮಿಲ್ಲಿನ ಗಂಡಸರ ಕಿವಿ ಅಷ್ಟಕ್ಕಷ್ಟೇ. ಅದಕ್ಕೇ ಬ್ಯಾಂಕಾಗಲಿ ಆಸ್ಪತ್ರೆಯಾಗಲಿ, ಯಾರಾದರೂ ಏನಾದರೂ ಕೇಳಿದರೆ ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಉತ್ತರ ಕೊಡುತ್ತಾಳೆ. ಇವರಿಗೆ ಅಲ್ಲಿಯವರೆಗೂ ಅದರ ಅಗತ್ಯ ಬಿದ್ದಿರಲಿಲ್ಲ. ಜೀರುಂಡೆಯ ಮಾತಾದ ಮೇಲೆ ಶಿವಮೊಗ್ಗಕ್ಕೆ ಹೋದಾಗ ಡಾಕ್ಟರು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು, ಮೇಲೆ ಫ್ಯಾನಿನ ಸದ್ದು. ಏನೋ ಬರೆಯುತ್ತಾ ಕೇಳಿದರು:

"ಕಿವಿ ಸರಿಯಾಗಿ ಕೇಳಿಸ್ತಾ ಇದೆಯಾ?"

ಇವರು ತಿರುಗಿ ನನ್ನ ಮುಖ ನೋಡಿದರು. ಕೇಳಿಸಿರಲಿಲ್ಲ. ಅದೇ ಉತ್ತರವಾಗಿತ್ತು. ಅದು ಗೊತ್ತಾಗಿಯೂ ನಾನೇ ಬಾಯಿ ಹಾಕಿದೆ:

"ಚೆನ್ನಾಗೇ ಕೇಳ್ಸುತ್ತೆ ಡಾಕ್ಟ್ರೇ. ಮಿಲ್ನೋರಲ್ವಾ, ನಾವು ಹೆಂಗಸ್ರೇ ಮಾತಾಡಿ ಅಭ್ಯಾಸ."

ಭದ್ರಾವತಿಯವರನ್ನು ಬೇಕಾದಷ್ಟು ಕಂಡಿದ್ದ ಡಾಕ್ಟರು ನಕ್ಕು ಅದೇ ಇಂಜೆಕ್ಷನ್ ಮುಂದುವರಿಸಿದರು. ಬಸ್ಸಿನಲ್ಲಿ ಇವರು, ಡಾಕ್ಟರು ಏನು ಕೇಳಿದರು ಎಂದು ವಿಚಾರಿಸಿದರು. ಊಟ ಸೇರುತ್ತಾ ಅಂತ ಕೇಳಿದರು, ಎಂದೆ — ಇವರ ಕಿವಿಯ ಹತ್ತಿರವೇ ಬಾಯಿಟ್ಟು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ.

ಕಿವಿ ಹೋದರೆ ಹೋಗಲಿ, ಜೀವ ಉಳಿದರೆ ಸಾಕು ಎಂದುಕೊಂಡಿದ್ದೆ. ಜೀವ ಉಳಿಯಿತು. ಆದರೆ ಕಿವಿ ಪೂರಾ ಹೋದ ಮೇಲೆ ಡಾಕ್ಟರು ಅಂದರು: ಆಗಲೇ ಗೊತ್ತಾಗಿದ್ದರೆ ಆ ಇಂಜೆಕ್ಷನ್ ಬಿಟ್ಟು ಬೇರೆ ದಾರಿ ನೋಡಬಹುದಿತ್ತು. ಬೇರೆ ದಾರಿ ಇದೆಯೇ ಎಂದು ನಾನು ಕೇಳಿಯೇ ಇರಲಿಲ್ಲ! ಇವರ ಕಿವಿಯನ್ನು ಇವರನ್ನೂ ಕೇಳದೆ ಕೊಟ್ಟುಬಿಟ್ಟಿದ್ದೆ.

ಅದಾದ ಮೇಲೆ ಹೊಳೆಹೊನ್ನೂರಿನಲ್ಲಿ ನನ್ನ ತಮ್ಮನ ಮದುವೆ. ಊಟದ ಪಂಕ್ತಿಯಲ್ಲಿ ಎಲ್ಲರೂ ಫೋರ್‌ಮನ್ ಅಣಕು ಮಾಡಿ ಎಂದು ಕೈಸನ್ನೆ ಮಾಡಿ ದುಂಬಾಲು ಬಿದ್ದರು. ಇವರು ಎದ್ದು ನಿಂತು ಶುರು ಮಾಡಿದರು. ಬಂದದ್ದು ಫೋರ್‌ಮನ್ನನ ದನಿಯಲ್ಲ, ಇವರದೂ ಅಲ್ಲ — ಏರಿಲ್ಲ, ಇಳಿವಿಲ್ಲ, ಬರೀ ಕೂಗು. ದೊಡ್ಡವರು ಎಲೆ ನೋಡಿಕೊಂಡು ಕೂತರು. ಇವರು ಒಂದೊಂದೇ ಮುಖ ನೋಡುತ್ತಾ ಬಂದು ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದರು. ನಾನಾದರೂ ನಗಬೇಕಿತ್ತು, ಆಗಲಿಲ್ಲ. ಕೂತುಬಿಟ್ಟರು. ಆಮೇಲೆ ಯಾರನ್ನೂ ಅಣಕಿಸಿಲ್ಲ.

ಮೊನ್ನೆ ಇವರು ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಬೆನ್ನ ಹಿಂದೆ ನಿಂತು ಎಲ್ಲವನ್ನೂ ಗಟ್ಟಿಯಾಗಿ ಹೇಳಿಬಿಟ್ಟೆ. ಎದೆ ಹಗುರಾಯಿತು. ಮರುಗಳಿಗೆಗೇ ಥೂ ಅನ್ನಿಸಿತು — ತಪ್ಪು ಒಪ್ಪಿಕೊಳ್ಳುವುದಕ್ಕೂ ಇವರ ಕಿವುಡನ್ನೇ ಮರೆ ಮಾಡಿಕೊಂಡೆನಲ್ಲ, ನನ್ನ ಜನ್ಮಕ್ಕಿಷ್ಟು. ಇವರು ನೆರಳು ಕಂಡು ತಿರುಗಿ, "ಏನಾದ್ರೂ ಅಂದ್ಯಾ ಮಾರಾಯ್ತಿ?" ಎಂದರು. ಏನಿಲ್ಲ ಎಂದೆ.

ಮುಖ ಕಾಣುವ ಹಾಗೆ ನಿಂತು ನಿಧಾನವಾಗಿ ಆಡಿದರೆ ಇವರು ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾರೆ. ನಾಳೆ ಬೆಳಗ್ಗೆ ಕಾಫಿ ಆದ ಮೇಲೆ ಎದುರಿಗೇ ಕೂತು ಹೇಳುತ್ತೇನೆ, ಒಂದು ಮಾತೂ ನುಂಗದೆ. ಆಮೇಲೆ ಇವರು ಎಷ್ಟು ಬೈದರೂ ಸರಿ. ಕೇಳಿಸಿಕೊಳ್ಳುವುದಕ್ಕೆ ನನಗೆ ಕಿವಿ ಇದೆ.